ಕಡಲ ಗಾಳಿಯ ಅನುದಾನದಲ್ಲಿ ಕಾರ್ಮಿಕರ ಪಾಲೆಷ್ಟು?

ಕುವೈತಿನ ಮಹಬೂಲಾದ ಬಹುಮಹಡಿ ಕಟ್ಟಡಗಳಲ್ಲಿ ಸಾವಿರಾರು ವಲಸೆ ಕಾರ್ಮಿಕರು ಬದುಕುತ್ತಾರೆ. ಬೆಸುಗೆಗಾರರು, ಕ್ರೇನ್ ಚಾಲಕರು, ಅಟ್ಟಣಿಗೆ ಕಟ್ಟುವವರು ಅವರಲ್ಲಿದ್ದಾರೆ, ಕನ್ನಡಿಗರೂ ಇದ್ದಾರೆ. ಸಮೀಪದ ಮಂಗಫ್‌ನಲ್ಲಿ 2024ರ ಜೂನ್ 12ರಂದು ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಅಸುನೀಗಿದರು. ಸರಿಯಾಗಿ ಒಂದು ವಾರದ ಬಳಿಕ, ಜೂನ್ 19ರಂದು, ಭಾರತದ ಸಚಿವ ಸಂಪುಟವು ಕಡಲ ಪವನ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಗಳ ಅನುದಾನವನ್ನು ಅನುಮೋದಿಸಿತು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಬೇಕು. ಅನುದಾನದಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಸ್ಥಾವರಗಳಿಗೆ. 600 ಕೋಟಿ ಎರಡು ಬಂದರುಗಳ ಉನ್ನತೀಕರಣಕ್ಕೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ತರಬೇತಿಗೆ ಪ್ರತ್ಯೇಕ ಬಾಬ್ತಿಲ್ಲ.

ಕಡಲ ಗಾಳಿಯ ವಿದ್ಯುತ್ತು ಇನ್ನೂ ದುಬಾರಿ. ಉದ್ಯಮದ ನಷ್ಟವನ್ನು ಸಾರ್ವಜನಿಕ ಹಣ ತುಂಬುವುದು ತಪ್ಪಲ್ಲ. ಆದರೆ ಅದೇ ಹಣ ಶ್ರಮಿಕರ ಕೊರತೆಯನ್ನೇಕೆ ತುಂಬಬಾರದು? ಉರಿಬಿಸಿಲಲ್ಲಿ, ಎತ್ತರದಲ್ಲಿ ಉಕ್ಕಿನೊಡನೆ ಪಳಗಿದವರಿಗೆ ಬೇಕಾದುದು ಸಮುದ್ರ ಸುರಕ್ಷತೆಯ ಶಿಕ್ಷಣ, ಅನುಭವಕ್ಕೆ ಮಾನ್ಯತೆ ಮತ್ತು ಕಲಿಯುವ ಅವಧಿಯ ಭತ್ಯೆ. ಅನುದಾನ ಪಡೆಯುವ ಕಂಪನಿಗಳಿಗೆ ಇದನ್ನು ಷರತ್ತಾಗಿ ವಿಧಿಸಬೇಕು. ನಮ್ಮ ಊರುಗಳಿಗೆ ತೂತ್ತುಕುಡಿಯು ಮಹಬೂಲಾಕ್ಕಿಂತ ಹತ್ತಿರವಿದೆ. ಅಲ್ಲಿ ದುಡಿದವರು ಹಬ್ಬಕ್ಕೆ ಮನೆಗೆ ಹೋಗಿ ಬರಬಲ್ಲರು.