ಕಾಯಕದ ಹೆಸರಿನಲ್ಲಿ ಹಂಗಿಸಬೇಡಿ

ಕೋವಿಡ್ ಬಂದು ಹೋದ ಮೇಲೆ ಅರ್ಧ ದಿನ ದುಡಿದರೆ ಎರಡು ದಿನ ಹಾಸಿಗೆ ಹಿಡಿಯುವವರು ಇನ್ನೂ ನಮ್ಮ ನಡುವೆ ಇದ್ದಾರೆ. ರಿಪೋರ್ಟ್ ಎಲ್ಲ ನಾರ್ಮಲ್. ಹೀಗಾಗಿ ಊರು ಅವರನ್ನು ಮೈಗಳ್ಳರೆನ್ನುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥ 25 ರೋಗಿಗಳಿಗೆ ಸುಮಾರು ಕಾಲು ಗಂಟೆ ಸೈಕಲ್ ತುಳಿಸಿ, ಅದಕ್ಕೆ ಮೊದಲು ಮತ್ತು ನಂತರ ತೊಡೆಯ ಸ್ನಾಯುವಿನ ಚೂರು ಪರೀಕ್ಷಿಸಿ, 2024ರಲ್ಲಿ ವರದಿ ಪ್ರಕಟಿಸಿದರು. ಹೃದಯ, ಶ್ವಾಸಕೋಶ ಸರಿಯಾಗಿದ್ದವು. ಆದರೆ ಸ್ನಾಯುವಿನೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಸೊರಗಿದ್ದವು. ದಣಿವಿನ ನಂತರ ಇನ್ನೂ ಕುಸಿದು, ಸ್ನಾಯುವಿಗೇ ಹಾನಿಯಾಗಿತ್ತು.

ಧುಪದಾಳದ ಕಾಲುವೆ ಕಂಡವರಿಗೆ ಇದು ಹೊಸದಲ್ಲ. ನೀರು ಹೊಲಕ್ಕೆ ಬಂದರೂ ಸವಳು-ಜವಳಾದ ನೆಲದಲ್ಲಿ ಬೆಳೆ ಏಳದು. ಇನ್ನಷ್ಟು ನೀರು ಬಿಟ್ಟರೆ ನೆಲ ಮತ್ತಷ್ಟು ಕೆಡುತ್ತದೆ. "ಎದ್ದು ನಾಲ್ಕು ಹೆಜ್ಜೆ ಹೆಚ್ಚು ನಡಿ, ತಾಕತ್ತು ಬರ್ತದ" ಎನ್ನುವ ಹಿರಿಯರು ಮಾಡುವುದು ಇದನ್ನೇ. ದಣಿದ ಮೇಲೆ ನರಳುವವರು ದಣಿವಿಗೆ ಮುಂಚೆಯೇ ನಿಲ್ಲಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. (ರಕ್ತಹೀನತೆ, ಸಕ್ಕರೆ, ಥೈರಾಯ್ಡ್ ಮೊದಲು ನೋಡಿಸಿ, ಎಲ್ಲ ಸುಸ್ತೂ ಕೋವಿಡ್‌ದಲ್ಲ.)

ಕಾಯಕ ತತ್ವವನ್ನು ಇವರ ಮೇಲೆ ಚಾಟಿಯಾಗಿ ಬೀಸುವುದು ಶರಣರಿಗೆ ಬಗೆಯುವ ಅಪಚಾರ. ಬರುವ ಶ್ರಾವಣದ ಪ್ರವಚನದಲ್ಲಿ ಪೂಜ್ಯರು ಹತ್ತು ನಿಮಿಷ ಇದನ್ನೇ ಹೇಳಲಿ, ಆ ದಿನ ಒಬ್ಬ ವೈದ್ಯರನ್ನೂ ಮಠಕ್ಕೆ ಕರೆಸಲಿ.