ಉಪಕೇಂದ್ರದ ಅಂಕಿ ಗಿರಣಿಗೂ ತಲುಪಲಿ

ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಾಗಲಿ, ಹಿರೇಕೆರೂರಿನ ಗೋವಿನಜೋಳದ ಘಟಕದಲ್ಲಾಗಲಿ, ಶಿಗ್ಗಾಂವಿ ಹಾಗೂ ಸವಣೂರಿನ ಸಣ್ಣ ಕಾರ್ಖಾನೆಗಳಲ್ಲಾಗಲಿ ಮೋಟಾರು ಸುಟ್ಟಾಗ ಮಾಲೀಕರು ಹೇಳುವ ಮೊದಲ ಮಾತು ‘ವೋಲ್ಟೇಜ್ ಇರಲಿಲ್ಲ’ ಎಂಬುದು. ಅದಕ್ಕೆ ದೊರೆಯುವ ಉತ್ತರ ‘ಉಪಕೇಂದ್ರದಲ್ಲಿ ಸರಿಯಾಗಿಯೇ ಇತ್ತು’ ಎಂಬುದು. ಈ ಎರಡೂ ಮಾತುಗಳು ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಅದನ್ನು ತೋರಿಸಿಕೊಡುವುದು ಅಳತೆಯೊಂದೇ.

ಉಪಕೇಂದ್ರಗಳಲ್ಲಿ ಮುಳ್ಳಿನ ಮೀಟರುಗಳ ಸ್ಥಾನಕ್ಕೆ ಡಿಜಿಟಲ್ ಪ್ಯಾನೆಲ್ ಮೀಟರುಗಳು ಬಂದಿರುವುದು ಸ್ವಾಗತಾರ್ಹ. ಮುಳ್ಳಿನ ಮೀಟರಿನ ದೋಷವನ್ನು ಅದರ ಪೂರ್ಣ ಅಳತೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. 400 ಆಂಪಿಯರ್ ಅಳತೆಯ, 1.5 ವರ್ಗದ ಮೀಟರಿನಲ್ಲಿ 6 ಆಂಪಿಯರ್ ವ್ಯತ್ಯಾಸಕ್ಕೆ ಅವಕಾಶವಿದೆ. ಫೀಡರಿನಲ್ಲಿ 60 ಆಂಪಿಯರ್ ಮಾತ್ರ ಹರಿಯುತ್ತಿರುವಾಗ ಇದು ಶೇ. 10ರಷ್ಟು ದೋಷವಾಗುತ್ತದೆ. ಡಿಜಿಟಲ್ ಮೀಟರಿನಲ್ಲಿ ನೋಡುವ ಕೋನದಿಂದಾಗುವ ತಪ್ಪೂ ಇಲ್ಲ. ಆದರೆ ಈ ಮೀಟರು 11,000 ವೋಲ್ಟನ್ನು ನೇರವಾಗಿ ಅಳೆಯುವುದಿಲ್ಲ. ಅಳತೆಯ ಪರಿವರ್ತಕವು 110 ವೋಲ್ಟಿಗೆ ಇಳಿಸಿ ಕೊಟ್ಟದ್ದನ್ನು ನೂರರಿಂದ ಗುಣಿಸಿ ತೋರಿಸುತ್ತದೆ. ಈ ಅನುಪಾತವನ್ನು ತಪ್ಪಾಗಿ ಹೊಂದಿಸಿದರೆ ಸ್ಪಷ್ಟವಾಗಿ ಹೊಳೆಯುವ ಅಂಕಿಯೂ ಸುಳ್ಳೇ. ಆದುದರಿಂದ ಕಾಲಕಾಲಕ್ಕೆ ತಪಾಸಣೆ ಅನಿವಾರ್ಯ.

ಇನ್ನು ಲೆಕ್ಕಕ್ಕೆ ಬರೋಣ. 1956ರ ಭಾರತೀಯ ವಿದ್ಯುತ್ ನಿಯಮಗಳು 11 ಕೆ.ವಿ. ಮಾರ್ಗದಲ್ಲಿ ಶೇ. 9ರವರೆಗಿನ ಇಳಿಕೆಗೂ, 415 ವೋಲ್ಟ್ ಪೂರೈಕೆಯಲ್ಲಿ ಶೇ. 6ರವರೆಗಿನ ಇಳಿಕೆಗೂ ಅವಕಾಶ ನೀಡಿದ್ದವು. ಅಂದರೆ ಉಪಕೇಂದ್ರದ ಮೀಟರು 10,010 ವೋಲ್ಟ್ ತೋರಿಸಿದರೂ ಅದು ಮಿತಿಯೊಳಗೇ. ಆದರೆ 11,000 ವೋಲ್ಟನ್ನು 433ಕ್ಕೆ ಇಳಿಸುವ ಟಿ.ಸಿ.ಯಿಂದ ಆಗ ಹೊರಬರುವುದು ಸುಮಾರು 394 ವೋಲ್ಟ್. ಗಿರಣಿಗೆ ಇರುವ ಕನಿಷ್ಠ ಮಿತಿ 390. ಉದ್ದನೆಯ ತಂತಿ, ಮಿತಿಮೀರಿದ ಹೊರೆ, ಸಡಿಲ ಜೋಡಣೆಗಳು ಉಳಿದ 4 ವೋಲ್ಟನ್ನು ಕ್ಷಣದಲ್ಲಿ ನುಂಗುತ್ತವೆ. ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಮೋಟಾರಿನ ಆರಂಭದ ತಿರುಗುಬಲ ಶೇ. 81ಕ್ಕೆ ಇಳಿಯುತ್ತದೆ, ಅದೇ ಹೊರೆಯನ್ನು ಎಳೆಯಲು ಹೆಚ್ಚು ಪ್ರವಾಹ ಹರಿದು ಸುರುಳಿ ಕಾಯುತ್ತದೆ. ರೀವೈಂಡಿಂಗ್ ವೆಚ್ಚ, ನಿಂತ ಕೆಲಸ, ತಪ್ಪಿದ ಗಡುವು, ಎಲ್ಲವೂ ಉದ್ಯಮಿಯ ಪಾಲಿಗೆ.

ಆದ್ದರಿಂದ ಉಪಕೇಂದ್ರದ ಅಂಕಿಗಳು ಅಲ್ಲಿನ ದಾಖಲೆ ಪುಸ್ತಕದಲ್ಲೇ ಉಳಿಯಬಾರದು. ಪ್ರತಿ 11 ಕೆ.ವಿ. ಫೀಡರಿನ ಗಂಟೆವಾರು ವೋಲ್ಟೇಜ್ ಹಾಗೂ ಪ್ರವಾಹದ ವಿವರವು ಕೇಳಿದ ಗ್ರಾಹಕರಿಗೆ ದೊರೆಯುವಂತಾಗಬೇಕು. 2002ರಿಂದ ಈ ಭಾಗದ ವಿತರಣೆಯ ಹೊಣೆ ಹೊತ್ತಿರುವ ಹೆಸ್ಕಾಂ ಇದಕ್ಕೆ ಮುಂದಾದರೆ ಅರ್ಧದಷ್ಟು ತಕರಾರು ತಾನಾಗಿಯೇ ಇತ್ಯರ್ಥವಾದೀತು.

ಉದ್ಯಮಿಗಳ ಹೊಣೆಯೂ ಕಡಿಮೆಯದಲ್ಲ. ಮೂರೂ ಫೇಸ್‌ಗಳ ವೋಲ್ಟೇಜ್ ತೋರಿಸುವ ಡಿಜಿಟಲ್ ಮೀಟರನ್ನು ತಮ್ಮ ಪ್ಯಾನೆಲ್ಲಿನಲ್ಲಿ ಅಳವಡಿಸಿ, ದಿನಾಂಕ ಮತ್ತು ವೇಳೆಯೊಡನೆ ಬರೆದಿಡಬೇಕು. ಕೆಪಾಸಿಟರುಗಳನ್ನು ಸುಸ್ಥಿತಿಯಲ್ಲಿಡಬೇಕು, ಪವರ್ ಫ್ಯಾಕ್ಟರ್ ಕುಗ್ಗಿದರೆ ನೆರೆಯವನ ವೋಲ್ಟೇಜೂ ಕುಗ್ಗುತ್ತದೆ. 2003ರ ವಿದ್ಯುತ್ ಕಾಯ್ದೆಯ 57ನೆಯ ಕಲಮು ಸೇವಾ ಗುಣಮಟ್ಟ ತಪ್ಪಿದರೆ ಪರಿಹಾರಕ್ಕೆ ಅವಕಾಶ ನೀಡಿದೆ. 42ನೆಯ ಕಲಮಿನಂತೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯೂ ಇದೆ. ಆ ವೇದಿಕೆಯ ಮುಂದೆ ಸುಟ್ಟ ಮೋಟಾರು ಒಂದೇ ಸಾಕ್ಷಿಯಾಗದು. ಉಪಕೇಂದ್ರದ ಪುಸ್ತಕ ಮತ್ತು ಗಿರಣಿಯ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ, ದುರಸ್ತಿಯ ಹೊಣೆ ಯಾರದೆಂಬುದೂ ನಿರ್ಧಾರವಾಗುತ್ತದೆ.