ಸೋಲಿಗರ ಸಂಕಮ್ಮನನ್ನು ಯಾರಿಗಾಗಿ ಓದಿಸುತ್ತೇವೆ?

ಮಲೆಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಬೇಟೆಗೆ ಹೊರಟ ನೀಲೇಗೌಡ ಹೆಂಡತಿಯಿಂದ ಶೀಲದ ಭಾಷೆಯನ್ನು ಕೇಳುತ್ತಾನೆ. ಸಂಕಮ್ಮ ಒಪ್ಪದೆ ಹಿಂಸೆಗೆ ಗುರಿಯಾಗುತ್ತಾಳೆ. ಈ ಪ್ರಸಂಗವನ್ನು ಸ್ತ್ರೀಪ್ರಜ್ಞೆಯ ನೆಲೆಯಿಂದಲೂ ಮೌಖಿಕ ಮಹಾಕಾವ್ಯದ ನೆಲೆಯಿಂದಲೂ ವಿವೇಚಿಸುತ್ತೇವೆ. ಆದರೆ ಈ ದಂಪತಿಗಳು ಸೋಲಿಗರೆಂಬ ಸಂಗತಿ ಬಹುಮಟ್ಟಿಗೆ ಒಂದು ಅಡಿಟಿಪ್ಪಣಿಯಾಗಿ ಉಳಿಯುತ್ತದೆ. ಚಾಮರಾಜನಗರ ಜಿಲ್ಲೆಯ ಯಾವುದೋ ಪೋಡಿನಿಂದ ಬಂದ ವಿದ್ಯಾರ್ಥಿನಿ ಅದೇ ತರಗತಿಯಲ್ಲಿದ್ದರೆ, ತನ್ನ ಕುಲದ ಹೆಸರನ್ನು ಕೇಳಿಯೂ ಆಕೆ ಹೊರಗಿನವಳಾಗಿಯೇ ಕುಳಿತಿರಬೇಕಾಗುತ್ತದೆ.

ಬುಡಕಟ್ಟು ಸಂಸ್ಕೃತಿಯನ್ನು ಬೋಧನೆಯೊಳಗೆ ತರಬೇಕೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬುಡಕಟ್ಟು ಜ್ಞಾನಕ್ಕೆ ಪಠ್ಯಕ್ರಮದಲ್ಲಿ ಸ್ಥಾನವಿರಬೇಕೆಂದು ಹೇಳಿದೆ. ಆಚರಣೆಯಲ್ಲಿ ಮಾತ್ರ ಅದು ವಾರ್ಷಿಕೋತ್ಸವದ ವೇದಿಕೆಯ ಕುಣಿತಕ್ಕೆ ಸೀಮಿತವಾಗುವುದೇ ಹೆಚ್ಚು. ಕುಣಿತಕ್ಕೆ ಚಪ್ಪಾಳೆ ತಟ್ಟುವುದು ಸುಲಭ. ಒಂದು ಸಮುದಾಯದ ತಿಳಿವಳಿಕೆಯಿಂದ ನಮ್ಮ ಓದನ್ನು ತಿದ್ದಿಕೊಳ್ಳುವುದು ಕಷ್ಟ.

ಅಂತಹ ತಿದ್ದುಪಡಿಗೆ ಈ ಕಾವ್ಯದಲ್ಲಿಯೇ ಅವಕಾಶವಿದೆ. ಇದು ಕಂಸಾಳೆಯ ದೇವರಗುಡ್ಡರು ಹಾಡಿಕೊಂಡು ಬಂದ ಕಥನ; ಸೋಲಿಗರನ್ನು ಮಾದಪ್ಪನ ಒಕ್ಕಲಾಗಿಸುವುದು ಅದರ ಆಶಯಗಳಲ್ಲೊಂದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇನ್ನೊಂದು ಕಥೆಯಿದೆ. ಅಲ್ಲಿ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿ ಅವರಿಗೆಲ್ಲ ‘ಬಾವ’ನಾಗುತ್ತಾನೆ. ಒಂದರಲ್ಲಿ ದೇವರು ಒಡೆಯ, ಇನ್ನೊಂದರಲ್ಲಿ ನಂಟ. ಈ ಎರಡನ್ನೂ ಜೊತೆಯಲ್ಲಿಟ್ಟು ಓದಿದಾಗ ನೀಲೇಗೌಡನ ಕ್ರೌರ್ಯವನ್ನು ಯಾರು, ಯಾವ ಉದ್ದೇಶದಿಂದ ಚಿತ್ರಿಸಿದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇದು ಕೇವಲ ಗೌರವದ ಪ್ರಶ್ನೆಯಲ್ಲ, ಪಠ್ಯವಿಮರ್ಶೆಯ ಪ್ರಶ್ನೆಯೂ ಹೌದು.

ಕಾವ್ಯದ ಕಾಡಿನ ವಿಷಯದಲ್ಲಿಯೂ ಹೀಗೆಯೇ. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆಗಳಿಗೆ ಹಗುರವಾಗಿ ‘ತರಗು ಬೆಂಕಿ’ ಹಚ್ಚುವುದು ಸೋಲಿಗರ ರೂಢಿಯಾಗಿತ್ತು. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಮೇಲೆ ಅದಕ್ಕೆ ತಡೆ ಬಿತ್ತು. ಲಂಟಾನ ಹಬ್ಬಲು ಈ ತಡೆಯೂ ಕಾರಣವೆಂಬ ಹಿರಿಯರ ಮಾತನ್ನು ಪರಿಸರ ಸಂಶೋಧಕರು ಪರಿಶೀಲಿಸತೊಡಗಿದ್ದು ಬಹಳ ತಡವಾಗಿ. ಹಾಡಿನ ಕಾಡನ್ನು ಬರಿಯ ಹಿನ್ನೆಲೆಯೆಂದು ಓದುವವರಿಗೆ ಈ ವಿವೇಕ ಕಾಣಿಸದು.

ಇಲ್ಲೊಂದು ಎಚ್ಚರ ಅಗತ್ಯ. “ನಿಮ್ಮವರಲ್ಲಿ ಹೇಗೆ?” ಎಂದು ವಿದ್ಯಾರ್ಥಿಯನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು ಬೋಧನೆಯಲ್ಲ. ತನ್ನ ಗುರುತನ್ನು ಹೇಳಿಕೊಳ್ಳುವ, ಹೇಳಿಕೊಳ್ಳದಿರುವ ಸ್ವಾತಂತ್ರ್ಯ ಆ ವಿದ್ಯಾರ್ಥಿಯದು. ಪೂರ್ವಸಿದ್ಧತೆಯ ಹೊಣೆ ಅಧ್ಯಾಪಕರದು. ವಿದ್ಯಾರ್ಥಿಯು ತನ್ನ ಮನೆಯ ನುಡಿಯಲ್ಲಿ ಉತ್ತರಿಸಿದರೆ ಅದನ್ನು ತಪ್ಪೆಂದು ಗೆರೆ ಎಳೆಯಬೇಕಾಗಿಲ್ಲ. ಕನ್ನಡದೊಳಗೆ ಹಲವು ಕನ್ನಡಗಳಿವೆಯೆಂಬುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿದೆ.

ಇದಕ್ಕೆ ಹೊಸ ಪಠ್ಯಕ್ರಮ ಬರುವವರೆಗೆ ಕಾಯಬೇಕಾಗಿಲ್ಲ. ಸಂಕಮ್ಮನ ಸಾಲಿನೊಂದಿಗೆ ಕುಸುಮಾಲೆಯ ಕಥೆಯನ್ನೂ ಓದಿಸಿ, ಎರಡನ್ನೂ ಹೋಲಿಸುವ ಒಂದು ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದರೆ ಸಾಕು. ಪರೀಕ್ಷೆಯಲ್ಲಿ ಅಂಕ ಪಡೆಯದ ಜ್ಞಾನವನ್ನು ನಮ್ಮ ತರಗತಿಗಳು ಜ್ಞಾನವೆಂದು ಎಣಿಸುವುದಿಲ್ಲವಷ್ಟೆ.